ದಡ ಬಿಡದ ಚುಕ್ಕೆ

ಟ್ಯಾಬ್ಲೆಟ್ ಬೇಕಾಗಿದ್ದದ್ದು ನನಗೆ. ಹೆಂಡತಿಗೆ ಎಂದು ಹೇಳಿದೆ. ಮೂವತ್ತೊಂದು ವರ್ಷದಿಂದ ದ್ವೀಪಗಳಿಗೆ ಕುಡಿಯುವ ನೀರು ಸಾಗಿಸುತ್ತಿರುವವನು ನಾನು. ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಎಂದು ಬಂದರಿನಲ್ಲೆಲ್ಲ ಜಂಬ ಕೊಚ್ಚಿಕೊಂಡವನು. ದಾರಿ ತೋರಿಸುವ ಯಂತ್ರ ಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ?

ಆದದ್ದು ಇಷ್ಟು. ಒಂದು ದಿನ, ಮೋಡವಿಲ್ಲ, ಗಾಳಿಯಿಲ್ಲ, ನಾಲ್ಕನೇ ದ್ವೀಪದ ಹತ್ತಿರ ಬಂದಾಗ ಮುಂದೆ ಎತ್ತ ತಿರುಗಬೇಕೆಂದೇ ಹೊಳೆಯಲಿಲ್ಲ. ದ್ವೀಪಗಳು ಇದ್ದಲ್ಲೇ ಇದ್ದವು. ಮರ, ಬಂಡೆ, ದೀಪಸ್ತಂಭದ ಬಿಳಿ ಗೋಡೆ, ಎಲ್ಲ ಕಾಣುತ್ತಿತ್ತು. ಆದರೆ ಒಂದೂ ನನ್ನ ಪರಿಚಯದ್ದಾಗಿರಲಿಲ್ಲ. ತಪ್ಪಿ ಬೇರೆಯವರ ಮನೆಯೊಳಗೆ ಕಾಲಿಟ್ಟವನನ್ನು ನೋಡುವ ಹಾಗೆ ಅವೆಲ್ಲ ನನ್ನನ್ನೇ ನೋಡುತ್ತಿದ್ದವು. ನೀರು ತಣ್ಣಗೆ ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು; ಹಾಗೇ ನೋಡುತ್ತ ನಿಂತುಬಿಡೋಣ ಅನ್ನಿಸಿತು. ಅದೇ ನನಗೆ ಭಯ ಹುಟ್ಟಿಸಿದ್ದು.

ಅಷ್ಟರಲ್ಲಿ ಹೆಂಡತಿ ಆಲೂಗಡ್ಡೆ ಸಿಪ್ಪೆ ಚೆಲ್ಲಲು ಕ್ಯಾಬಿನ್ನಿನಿಂದ ಹೊರಗೆ ಬಂದಳು. "ಎಡಗಡೆ ನೋಡಿ, ದೀಪದಕ್ಕ ಹಳದಿ ದುಪ್ಪಟಿ ಒಣಗಿಹಾಕಿದಾಳೆ," ಎಂದಳು. ದೀಪದಕ್ಕ ಎಂದರೆ ದೀಪಸ್ತಂಭ ಕಾಯುವವನ ಹೆಂಡತಿ. ನಾನು ದುಪ್ಪಟಿಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದೆ. ಎರಡು ನಿಮಿಷದಲ್ಲಿ ಎಲ್ಲ ದ್ವೀಪಗಳೂ ಮತ್ತೆ ನನ್ನವಾದವು.

ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಂದರಿನ ಅಧಿಕಾರಿಯ ಕಿವಿಗೆ ಬಿದ್ದರೆ ನನ್ನ ಪರವಾನಗಿ ಹೋಗುತ್ತದೆ, ಅದರ ಹಿಂದೆಯೇ ಬೋಟೂ ಹೋಗುತ್ತದೆ. ನಾವಿಬ್ಬರೂ ಇರುವುದೇ ಬೋಟಿನಲ್ಲಿ. ಆಮೇಲೆ ಮಗಳ ಮನೆಯ ಮೂರನೇ ಮಹಡಿಯಲ್ಲಿ, ಅಲುಗಾಡದ ಮಂಚದ ಮೇಲೆ ಮಲಗಬೇಕು. ಅಲುಗಾಡದ ಮಂಚದಲ್ಲಿ ನನಗೆ ನಿದ್ದೆ ಬರುವುದಿಲ್ಲ.

"ನಿನಗೊಂದು ಟ್ಯಾಬ್ಲೆಟ್ ತರೋಣ ಕಣೇ," ಎಂದೆ ಒಂದು ಸಂಜೆ. "ಸಿನಿಮಾ ನೋಡ್ಬಹುದು, ಬಂದರಿನ ವೈಫೈನಲ್ಲಿ ಮೊಮ್ಮಗಳ ಹತ್ರ ಮಾತಾಡ್ಬಹುದು. ಮ್ಯಾಪೂ ಇರುತ್ತಂತೆ. ಇದ್ರೆ ಇರ್ಲಿ."

"ಇದ್ರೆ ಇರ್ಲಿ," ಎಂದಳು ಅವಳೂ.

ಅಂಗಡಿಗೆ ನಾನು ಒಂದು ಬಾಟಲಿ ಸಮುದ್ರದ ನೀರು ತೆಗೆದುಕೊಂಡು ಹೋಗಿದ್ದೆ. ಬೋಟಿನಲ್ಲಿ ಒಣಗಿದ ಕೈ ಯಾರಿಗಿರುತ್ತದೆ? ಬೆರಳು ಅದ್ದಿ ಮೊದಲನೆಯದನ್ನು ಮುಟ್ಟಿದೆ. ಮ್ಯಾಪು ತಾನೇ ತಾನಾಗಿ ಓಡಿ ಭೂಮಿಯ ಆಚೆ ಬದಿಗೆ ಹೋಗಿ ನಿಂತಿತು. ಎರಡನೆಯದನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದೆ. ಮ್ಯಾಪು ಮಾಯ, ನನ್ನ ಮುಖ ಮಾತ್ರ ಕಂಡಿತು. "ನನ್ನ ಮುಖ ನೋಡೋಕೆ ದುಡ್ಡು ಯಾಕೆ ಕೊಡ್ಲಿ?" ಎಂದೆ. ಮೂರನೆಯದಂತೂ ನನ್ನ ಕೈಯಲ್ಲೇ ಕಪ್ಪಾಗಿ ಸತ್ತುಹೋಯಿತು. ಸತ್ತ ಮಾಲು ಮಾರುತ್ತೀರಾ ಎಂದು ಕೂಗಾಡುತ್ತಿರುವಾಗ ಹೆಂಡತಿ ಬಂದು ನನ್ನ ತಂಪು ಕನ್ನಡಕ ತೆಗೆದಳು. ಟ್ಯಾಬ್ಲೆಟ್ ಬದುಕಿತು. ಕೆಲವು ತಂಪು ಕನ್ನಡಕ ಹಾಕಿಕೊಂಡು ಉದ್ದಕ್ಕೆ ಹಿಡಿದರೆ ಹಾಗೇ ಆಗುತ್ತದಂತೆ, ಅಡ್ಡಕ್ಕೆ ಹಿಡಿದರೆ ಸರಿ ಎಂದಳು ಅಂಗಡಿಯಾಕೆ. ಪುಣ್ಯಾತ್ಗಿತ್ತಿ, ಸಿಟ್ಟೇ ಇಲ್ಲ.

ಹೆಂಡತಿಯ ಪರೀಕ್ಷೆ ಬೇರೆ. ಟ್ಯಾಬ್ಲೆಟನ್ನು ಗೋಡೆಗೆ ಒರಗಿಸಿಟ್ಟು, ಎರಡು ಮಾರು ದೂರ ನಿಂತು, ಇಲ್ಲದ ಪಾತ್ರೆಯಲ್ಲಿ ಇಲ್ಲದ ಸೌಟು ಆಡಿಸುತ್ತ ಕಾಣುತ್ತದೆಯೇ ಎಂದು ನೋಡಿದಳು. ಆಮೇಲೆ ಮೂರು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ ಅಂಗಡಿಯ ನಡುವೆಯೇ ಅಂಗಾತ ಮಲಗಿದಳು. ದೊಡ್ಡದನ್ನು ಮುಖದ ಮೇಲೆ ಎತ್ತಿ ಹಿಡಿದು, "ಬೇಡಪ್ಪ, ಒಂದು ಅಲೆ ಬಂದ್ರೆ ನನ್ನ ಮೂಗು ಹೋಯ್ತು," ಎಂದು ಹಗುರಾದ ಚಿಕ್ಕದನ್ನೇ ಆರಿಸಿದಳು.

"ಇದ್ರಲ್ಲಿ ಎರಡು ಥರ ಇದೆ ಸಾರ್. ಸಿಮ್ ಹಾಕೋದು, ಸಿಮ್ ಇಲ್ಲದ್ದು. ನೀವು ಬೋಟಲ್ಲಿ ಅಂತೀರಿ, ಸಿಮ್ ಹಾಕೋದೇ..." ಎಂದು ಅಂಗಡಿಯಾಕೆ ಶುರುಮಾಡಿದಳು.

"ಬೇಡ. ನೀರಿಗಿಳಿದ ಮೇಲೂ ಜನ ಫೋನ್ ಮಾಡಿ ಪ್ರಾಣ ತಿನ್ನೋದು ಬೇಡ."

"ಅದಕ್ಕಲ್ಲ ಸಾರ್, ಮ್ಯಾಪ್‌ಗೆ..."

"ಮ್ಯಾಪ್ ಇಲ್ಲೇ ಇಳಿಸಿಕೊಟ್ಬಿಡಿ. ಸಿಮ್ ಬೇಡ ಅಂದ್ರೆ ಬೇಡ."

ಆಕೆ ಮ್ಯಾಪು ಇಳಿಸಿದಳು. ಅದರ ಮೇಲೆ ಒಂದು ನೀಲಿ ಚುಕ್ಕೆ, ಸರಿಯಾಗಿ ಆ ಅಂಗಡಿ ಇದ್ದ ತಿರುವಿನಲ್ಲಿ ಮಿನುಗುತ್ತಿತ್ತು. "ಅದು ನೀವೇ ಸಾರ್," ಎಂದಳು. ನಾನು ಎಲ್ಲಿದ್ದೇನೆಂದು ನನಗಿಂತ ಚೆನ್ನಾಗಿ ಬಲ್ಲ ಒಂದು ವಸ್ತು! ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಮೂರು ವಾರ ಅದು ಅವಳದೇ ಆಯಿತು. ಒಲೆಯ ಹಿಂದೆ ಒರಗಿ ಸಿನಿಮಾ ತೋರಿಸಿತು, ಸ್ವೆಟರ್ ಹೆಣೆಯುವುದನ್ನು ಕಲಿಸಿತು, ಸಂಜೆ ಮೊಮ್ಮಗಳ ಹಲ್ಲಿಲ್ಲದ ಬಾಯಿ ತೋರಿಸಿತು. ಹವೆ ತಿಳಿಯಾಗಿತ್ತು, ನನ್ನ ತಲೆಯೂ. ದಾರಿಯಲ್ಲಿ ಅವಳು ಟ್ಯಾಬ್ಲೆಟ್ ಎತ್ತಿ ಹಿಡಿದು, "ಮೊಮ್ಮಗಳಿಗೆ ತೋರಿಸ್ಬೇಕು. ಇಲ್ಲಿ ಹೇಗೆ ತಿರುಗ್ತೀರಿ, ಸ್ವಲ್ಪ ಬಿಡಿಸಿ ಹೇಳಿ," ಎನ್ನುತ್ತಿದ್ದಳು. ಕೇಳುವವರು ಸಿಕ್ಕರೆ ನನ್ನ ನಾಲಿಗೆಗೆ ಕಡಿವಾಣವೆಲ್ಲಿ? ಹೇಳಿದ್ದೇ ಹೇಳಿದ್ದು. ಸಂಜೆ ಬೋಟು ಕಟ್ಟಿದ ಮೇಲೆ ಮಾತ್ರ, ಅವಳ ಕಣ್ಣು ತಪ್ಪಿಸಿ, ಚುಕ್ಕೆ ನೋಡುತ್ತಿದ್ದೆ. ಸರಿಯಾಗಿ ಬಂದರಿನ ನಮ್ಮ ಕಟ್ಟೆಯ ಮೇಲೇ ಇರುತ್ತಿತ್ತು. ಭೇಷ್ ಎಂದುಕೊಂಡು ನಿಶ್ಚಿಂತೆಯಿಂದ ಮಲಗುತ್ತಿದ್ದೆ.

ಆ ಬೆಳಿಗ್ಗೆ ಬಂದರಿನ ಬಾಯಿ ದಾಟುತ್ತಿದ್ದ ಹಾಗೆ ಮಂಜು ಬಂತು. ಮೊದಲು ದಡ ಹೋಯಿತು, ಆಮೇಲೆ ನೀರು, ಆಮೇಲೆ ಬೋಟಿನ ಮೂತಿ. ಎಲ್ಲೋ ತೇಲುವ ಗಂಟೆ, ಬಂದರಿನವರು ಗುರುತಿಗೆ ಲಂಗರು ಹಾಕಿಟ್ಟದ್ದು, ಅಲೆಗೊಮ್ಮೆ ಬಡಿದುಕೊಳ್ಳುತ್ತಿತ್ತು. ಅದು ನನ್ನ ಯಾವ ಕಿವಿಗೆ ಕೇಳಬೇಕು? ಎಡಗಿವಿಗೋ ಬಲಗಿವಿಗೋ? ಮೂವತ್ತೊಂದು ವರ್ಷ ಕೇಳಿದ ಗಂಟೆ. ನೆನಪಿಗೆ ಕೈ ಹಾಕಿದರೆ ಅಲ್ಲೂ ಮಂಜೇ ಸಿಕ್ಕಿತು. ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ತಿಳಿಯದೆ ಎಂಜಿನ್ ಆರಿಸಿದೆ.

ಟ್ಯಾಬ್ಲೆಟ್ ತೆಗೆದೆ. ನೀಲಿ ಚುಕ್ಕೆ ನಮ್ಮ ಕಟ್ಟೆಯ ಮೇಲೆ ಕೂತಿತ್ತು. ಅಲುಗಿಸಿದೆ, ಒರೆಸಿದೆ, ಬೈದೆ. ಜಪ್ಪಯ್ಯ ಎಂದರೂ ಅದು ದಡ ಬಿಡಲಿಲ್ಲ.

ಎಂಜಿನ್ ನಿಂತ ಸದ್ದಿಗೆ ಹೆಂಡತಿ ಎದ್ದು ಬಂದಳು, ಶಾಲು ಹೊದ್ದು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. "ಸಿಮ್ ಹಾಕೋದಕ್ಕೆ ಮಾತ್ರ ನೀರಲ್ಲೂ ಜಾಗ ಗೊತ್ತಾಗತ್ತಂತೆ. ಇದು ಸುತ್ತಲಿನ ವೈಫೈ ನೋಡಿ ಹೇಳತ್ತಂತೆ. ಮೊನ್ನೆ ಮಗಳು ಹೇಳಿದ್ಲು. ಅಂಗಡಿಯವಳೂ ಅದನ್ನೇ ಹೇಳೋಕೆ ಬಂದಿದ್ದು. ನೀವು ಬಿಟ್ರಾ?"

"ಗೊತ್ತಿದ್ದೂ ನೀನು ಸುಮ್ನಿದ್ಯಾ?"

"ನೀವಾಗೇ ಹೇಳ್ತೀರಿ ಅಂತ ಕಾದೆ. ತಪ್ಪು ನಂದೂ ಇದೆ."

ನಾನು ಏನನ್ನು ಹೇಳಲೆಂದು ಅವಳು ಕಾದಳೋ, ಅದನ್ನು ಕೇಳಲಿಲ್ಲ. ಗಂಟೆ ಎರಡು ಸಲ ಬಡಿಯಿತು. "ನಂಗೆ ದಾರಿ ಮರ್ತುಹೋಗಿದೆ ಕಣೇ," ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಗೊತ್ತು," ಎಂದು ಅವಳು ನನ್ನ ಪಕ್ಕ ಕೂತಳು. ಶಾಲಿನ ಅರ್ಧ ನನ್ನ ಮೇಲೆ ಹೊದಿಸಿದಳು. ಟ್ಯಾಬ್ಲೆಟಿನಲ್ಲಿ ಮ್ಯಾಪು ಮುಚ್ಚಿ ವಿಡಿಯೋಗಳನ್ನು ತೆರೆದಳು. ಸಾಲಾಗಿ ಜೋಡಿಸಿಟ್ಟಿದ್ದಳು: ಬಂದರಿನ ಬಾಯಿ, ಒಂದನೇ ದ್ವೀಪ, ಎರಡನೆಯದು, ಹೀಗೆ ಕೊನೆಯವರೆಗೆ. ಮೊದಲನೆಯದನ್ನು ಒತ್ತಿದಳು.

ಅದರಲ್ಲಿ ಒಬ್ಬ ಮುದುಕ, ಬಿಸಿಲಿನಲ್ಲಿ, ಎದೆ ಸೆಟೆಸಿ ನಿಂತು ಕೊಚ್ಚಿಕೊಳ್ಳುತ್ತಿದ್ದ. "ಮಂಜಲ್ಲಿ ಕಣ್ಣು ಯಾರಿಗೆ ಬೇಕು? ಗಂಟೇನ ಬಲಗಿವೀಲಿ ಇಟ್ಕೊಂಡು ನಿಧಾನ ಹೋಗ್ಬೇಕು. ಅಲ್ಲಿಂದ ಒಂದು ಕೆಟಲ್ ನೀರು ಕುದಿಯೋ ಅಷ್ಟು ಹೊತ್ತು ನೆಟ್ಟಗೆ. ಕುದ್ದ ತಕ್ಷಣ ಬಲಕ್ಕೆ. ಇಷ್ಟೂ ಗೊತ್ತಿಲ್ಲದೋರು ಬೋಟ್ ಯಾಕೆ ಇಟ್ಕೋಬೇಕು?"

ಆ ಮುದುಕನಿಗೆ ಎಲ್ಲ ಗೊತ್ತಿತ್ತು. ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ, ಅವನು ಹೇಳಿದಂತೆ ಕೇಳಿದೆ.

ಬೋಟನ್ನು ಮೆಲ್ಲಗೆ ತಿರುಗಿಸಿ ಗಂಟೆಯನ್ನು ಬಲಗಿವಿಗೆ ತಂದುಕೊಂಡೆವು. ಅವಳು ಕೆಟಲ್ ಇಟ್ಟಳು. ಕುದಿಯಿತು, ತಿರುಗಿದೆ. ನೀರು ಬದಲಿಸಿ ಮತ್ತೆ ಇಟ್ಟಳು. ಏನೂ ಕಾಣದ ಬಿಳುಪಿನೊಳಗೆ ನನ್ನದೇ ದನಿ ಬೈಯುತ್ತ ಬೈಯುತ್ತ ಮುಂದೆ ಹೋಗುತ್ತಿತ್ತು, ನಾವು ಅದರ ಹಿಂದೆ. ಒಮ್ಮೊಮ್ಮೆ ಮಂಜಿನಲ್ಲಿ ಒಂದು ದ್ವೀಪದ ನೆರಳು, ಹೇಳಿದ ಜಾಗದಲ್ಲೇ, ಬಂದು ಹೋಗುತ್ತಿತ್ತು. ಭಯ ಯಾವಾಗ ಹೋಯಿತೋ ನೆನಪಿಲ್ಲ.

ನಾಲ್ಕನೇ ದ್ವೀಪದ ಹತ್ತಿರ ಮಂಜು ಹರಿಯಿತು. ದೀಪಸ್ತಂಭದ ಬಿಳಿ ಗೋಡೆ ಮಂಜಿನಿಂದ ಒದ್ದೆಯಾಗಿ ಬಿಸಿಲಲ್ಲಿ ನಿಂತಿತ್ತು. ಮೆಟ್ಟಿಲ ಮೇಲೆ ಖಾಲಿ ಕ್ಯಾನುಗಳನ್ನು ಇಟ್ಟುಕೊಂಡು ದೀಪದಕ್ಕ ಕೈ ಬೀಸುತ್ತಿದ್ದಳು. ಈ ಸಲ ನಾನು ಎಡಕ್ಕೆ ಚೆನ್ನಾಗಿ ನೋಡಿದೆ. ಬಂಡೆ, ಗೋಡೆ, ಬಂಡೆ. ಬಟ್ಟೆ ಒಣಗಿಸುವ ಹಗ್ಗವೇ ಇರಲಿಲ್ಲ. ಹಗ್ಗ ಕಟ್ಟಲು ಒಂದು ಕಂಬವೂ ಇರಲಿಲ್ಲ.

"ದೀಪದಕ್ಕನ ಹಳದಿ ದುಪ್ಪಟಿ ಎಲ್ಲೇ?"

"ಅವಳ ಹತ್ರ ಹಳದಿ ದುಪ್ಪಟೀನೇ ಇಲ್ಲ," ಎಂದಳು ಹೆಂಡತಿ, ಕೆಟಲ್ ಒರೆಸುತ್ತ. ದೀಪದಕ್ಕನ ಕ್ಯಾನುಗಳಿಗೆ ನೀರು ತುಂಬಿಸಿಕೊಟ್ಟು ಹೊರಟಾಗ, "ಮುಂದಿನ ತಿಂಗಳು ಪರವಾನಗಿ ಪರೀಕ್ಷೆ ಇದೆಯಂತೆ. ನಾನು ಕೂರ್ತೀನಿ. ಕಲಿಸ್ತೀರಾ?" ಎಂದಳು.

ಬೇರೆ ದಿನವಾಗಿದ್ದರೆ ಹಾರಾಡುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಆ ಚುಕ್ಕಾಣಿಯನ್ನು ಇನ್ನೊಬ್ಬರಿಗೆ ಮುಟ್ಟಲು ಬಿಟ್ಟವನಲ್ಲ.

"ಬಾ, ಹಿಡ್ಕೋ," ಎಂದು ಎದ್ದೆ.

ಅವಳು ಹಿಡಿದಳು. ನಾನು ಏನೂ ಹೇಳುವ ಮೊದಲೇ ಎಡಕ್ಕೆ ತಿರುಗಿಸಿದಳು. ಕಡೆಯ ದ್ವೀಪ ಇನ್ನೂ ಒಂದು ಕೆಟಲ್ ದೂರ ಇತ್ತು. ನಾನು ಒಳಗೆ ಹೋಗಿ ನೀರು ತುಂಬಿಸಿ ಒಲೆ ಹಚ್ಚಿದೆ.