ಕಲ್ಲುಗುಂಡಿಯಲ್ಲಿ ನಿಲ್ಲದ ವ್ಯಾನು

ಸುಟ್ಟ ರಬ್ಬರಿನ ವಾಸನೆ, ಬ್ರೇಕಿನದ್ದಿರಬೇಕು, ಘಟ್ಟ ಇಳಿಯುವಾಗ ಹೀಗೇ ಬರುವುದು ಅಂತ ಹೋಗುವಾಗಲೇ ಇವರು ಹೇಳಿದ್ದರಲ್ಲ, ಹತ್ತುವಾಗ ಇಂಜಿನು ಕುದಿಯುತ್ತದೆ, ಇಳಿಯುವಾಗ ಬ್ರೇಕು ಸುಡುತ್ತದೆ, ನಿನಗೆ ಎರಡೂ ಹೆದರಿಕೆ, ಇಷ್ಟು ಹೆದರುವವಳು ನಾಗೂರಿನ ದರ್ಗಕ್ಕೆ ಯಾಕೆ ಹರಕೆ ಹೇಳಿದ್ದು ಮಾರಾಯ್ತಿ — ಹೇಳಿ ನಕ್ಕದ್ದು, ಎದುರಿನ ಎರಡು ಹಲ್ಲಿನ ಸಂದಿಯಿಂದ ಗಾಳಿ ಹೊರಡುವ ಆ ನಗು, ನೆಬೀಸ ಆಗ ಉತ್ತರ ಕೊಟ್ಟಿರಲಿಲ್ಲ, ವಾಂತಿ ಬರುವ ಹಾಗಾಗಿ ಲಿಂಬೆಹುಳಿ ಮೂಸುತ್ತ ಕೂತಿದ್ದಳು, ಈಗ ಉತ್ತರ ಉಂಟು, ಕೇಳುವವರಿಲ್ಲ. ಮಗ ಸಮದ್‌ಗೆ ಏಳು ವರ್ಷದಲ್ಲಿ ವಿಷಮಶೀತ ಜ್ವರ ಬಂದು ಕಣ್ಣು ಮೇಲೆ ಹೋದಾಗ ಹರಕೆ ಹೇಳಿದವಳು ಅವಳೇ, ಮಗು ಉಳಿದರೆ ಮನೆಮಂದಿಯೆಲ್ಲ ಬರುತ್ತೇವೆ ಅಂತ, ಮಗು ಉಳಿಯಿತು, ಬೆಳೆಯಿತು, ಮೀಸೆ ಬಂತು, ಮದುವೆಯೂ ಆಯಿತು, ಹದಿನಾರು ವರ್ಷ ಅವಳು ಗಂಡನ ಬೆನ್ನು ಹತ್ತಿದ್ದೇ ಹತ್ತಿದ್ದು, ಹರಕೆ ಬಾಕಿ ಉಂಟು, ಹರಕೆ ಬಾಕಿ ಉಂಟು, ಪುತ್ತೂರು ಪೇಟೆಯ ಒಣಮೀನಿನ ಅಂಗಡಿ ಬಿಟ್ಟು ಒಂದು ದಿನ ಆಚೀಚೆ ಹೋಗದ ಮೂಸಕುಂಞಿ ಕೊನೆಗೆ ಚೀನಾದವರ ಯುದ್ಧ ಮುಗಿದ ಮರುವರ್ಷ ಜತ್ತಪ್ಪನ ವ್ಯಾನು ಗೊತ್ತುಮಾಡಿ, ಆಯಿತಾ ನಿನಗೆ ಈಗ ಸಮಾಧಾನ ಅಂತ ಕೇಳಿದರು. ಸಮಾಧಾನ ಆಯಿತು. ಚೆನ್ನಾಗಿ ಆಯಿತು. ಎದುರಿನ ಸೀಟಿನಲ್ಲಿ ಜತ್ತಪ್ಪನ ಪಕ್ಕ ಸಮದ್ ಕೂತಿದ್ದಾನೆ, ಹಿಂದೆ ಸೊಸೆ ಆಯಿಶಾ ಒಂದು ಮೂಲೆಗೆ, ನೆಬೀಸ ಇನ್ನೊಂದು ಮೂಲೆಗೆ, ಕಿಟಕಿಗೆ ಕಟ್ಟಿದ ಪರದೆ ಗಾಳಿಗೆ ಬಡಿಯುತ್ತಿದೆ, ಹನ್ನೊಂದು ದಿನದ ಪ್ರಯಾಣ ಇನ್ನು ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ.

ಮೂರು ದಿನ ಹಿಂದೆ, ನಾಗೂರಿಂದ ಹಿಂದೆ ಬರುವಾಗ, ಸತ್ಯಮಂಗಲದ ಆಚೆ ಯಾವುದೋ ತಮಿಳರ ಊರು, ಹೆಸರು ಎಷ್ಟು ಸಲ ಹೇಳಿಕೊಟ್ಟರೂ ನಾಲಿಗೆಗೆ ಹತ್ತುವುದಿಲ್ಲ, ಅಸರ್ ನಮಾಜಿನ ಹೊತ್ತಾಯಿತು ಅಂತ ಕಾಲುವೆಯ ಹತ್ತಿರ ವ್ಯಾನು ನಿಲ್ಲಿಸಿದ್ದು, ಇವರು ಇಳಿದು ಕಲ್ಲಿನ ಮೇಲೆ ಕೂತು ಮುಖ ತೊಳೆದರು, ಕೈ ತೊಳೆದರು, ತಲೆ ಸವರಿಕೊಂಡರು, ಬಲಗಾಲು ತೊಳೆದರು, ಎಡಗಾಲಿಗೆ ಬಗ್ಗಿದವರು ಹಾಗೇ ಬಗ್ಗಿಯೇ ಇದ್ದರು, ಇದೆಂತ ಇಷ್ಟು ಹೊತ್ತು ಅಂತ ಅವಳಿಗೆ ಸಿಟ್ಟು ಕೂಡ ಬಂದಿತ್ತು, ರಬ್ಬೇ, ಸಿಟ್ಟು ಬಂದಿತ್ತು. ಒಂದು ಕಾಲು ಒದ್ದೆ, ಒಂದು ಕಾಲು ಧೂಳು. ಆಮೇಲೆ ಗುರುತು ಪರಿಚಯ ಇಲ್ಲದ ಜನ, ಅವರದ್ದೇ ಮಸೀದಿ, ಅವರದ್ದೇ ಕಫನ್ ಬಟ್ಟೆ, ಸತ್ತವರ ಮಯ್ಯತ್ತನ್ನು ಊರಿಗೆ ತರುವ ಮಾತೇ ಇಲ್ಲ, ಸೆಕೆಗೆ ಎರಡು ದಿನದ ದಾರಿ, ಮರುದಿನ ಬೆಳಿಗ್ಗೆಯೇ ದಫನ್, ಅವಳು ಯಾರದ್ದೋ ಮನೆಯ ಒಳಕೋಣೆಯಲ್ಲಿ ಯಾವುದೋ ತಮಿಳು ಹೆಂಗಸಿನ ಕೈ ಹಿಡಿದುಕೊಂಡು, ಆ ಹೆಂಗಸು ತನ್ನ ಸ್ವಂತ ಬಿಳಿ ಸೀರೆ ತಂದು ಉಡಿಸಿದ್ದು, ಅವಳು ಹೇಳಿದ್ದು ಇವಳಿಗೆ ತಿಳಿಯಲಿಲ್ಲ, ಇವಳು ಅತ್ತದ್ದು ಅವಳಿಗೆ ತಿಳಿಯಿತು. ಗೋರಿ ನೋಡಲಿಲ್ಲ. ಹೆಂಗಸರು ಹೋಗುವ ಕ್ರಮ ಇಲ್ಲವಲ್ಲ. ಹುಣಸೆಮರದ ಬುಡ ಉಮ್ಮಾ, ಒಳ್ಳೆ ಜಾಗ, ಸಮದ್ ಬಂದು ಹೇಳಿದ, ಹೇಳುವಾಗ ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು. ಮತ್ತೆ ಹೇಳಿದ, ಇಲ್ಲಿಯ ಮಸೀದಿಯ ಉಸ್ತಾದರ ಹತ್ತಿರ ಕೇಳಿದೆ ಉಮ್ಮಾ, ಇದ್ದತ್ ಮನೆಯಲ್ಲೇ ಆಗಬೇಕಂತೆ, ಉಪ್ಪನ ಮನೆಯಲ್ಲಿ, ಸೀದಾ ಮನೆಗೆ ಕರ್ಕೊಂಡು ಹೋಗು ಅಂದ್ರು, ದಾರಿಯಲ್ಲಿ ಎಲ್ಲಿಯೂ ಇಳಿಯುದು ಬೇಡ. ನಾಲ್ಕು ತಿಂಗಳು ಹತ್ತು ದಿನ. ಗಂಡ ಸತ್ತವಳು ಹೊಸ್ತಿಲು ದಾಟದ ದಿನಗಳು ಅಷ್ಟು. ಅವಳು ಹೂಂ ಅಂದಳು. ಆಗ ಕಲ್ಲುಗುಂಡಿಯ ನೆನಪು ಅವಳಿಗೆ ಬಂದಿರಲಿಲ್ಲ.

ಬಂದದ್ದು ಈಗ, ಕೊಯನಾಡು ದಾಟಿ ಸಂಪಾಜೆ ಹೊಳೆಯ ಶಬ್ದ ಕೇಳಿಸಿದಾಗ — ಉಮ್ಮ, ತನ್ನನ್ನು ಹೆತ್ತವಳು. ಉಮ್ಮ ಕಾಯುತ್ತಿರುತ್ತಾಳೆ. ಹೋಗುವಾಗ ಕಲ್ಲುಗುಂಡಿಯಲ್ಲಿ ಇಳಿದು ತವರುಮನೆಯಲ್ಲಿ ಚಾಯ ಕುಡಿದು ಹೊರಟವರು, ಮೂವತ್ತು ವರ್ಷ ಅಳಿಯನ ಹತ್ತಿರ ಬಾಗಿಲ ಮರೆಯಿಂದಲೇ ಮಾತಾಡಿದ ಪಾತುಮ್ಮ ಅವತ್ತು ಯಾವ ಲೋಕದ ಧೈರ್ಯವೋ, ಬಾರದ ಕಾಲು ಎಳೆದುಕೊಂಡು ಮಾರ್ಗದ ತನಕ ಬಂದು ತಲೆವಸ್ತ್ರ ಎಳೆದುಕೊಂಡು ಮುಖಕ್ಕೆ ಮುಖ ನಿಂತು ಹೇಳಿದ್ದು, ಒಂಬತ್ತು ದಿನಕ್ಕೆ ಬರ್ತೀರಿ ಅಲ್ವಾ, ನಾನು ಯೂಸುಫನ ಅಂಗಡಿಯ ಬೆಂಚಿನಲ್ಲಿ ಕೂತಿರ್ತೇನೆ, ನೀವು ಮನೆಗೆ ಇಳಿದು ಬರುದು ಬೇಡ, ವ್ಯಾನು ನಿಲ್ಸಿ ಒಂದು ಮುಖ ತೋರ್ಸಿ ಸಾಕು. ಇವರು, ಖಂಡಿತ ನಿಲ್ಸುವ ಉಮ್ಮಾ, ನಿಲ್ಸದೆ ಹೋದ್ರೆ ಆ ವ್ಯಾನಿಗೆ ನೀವೇ ಕಲ್ಲು ಹೊಡೀರಿ. ಮುದುಕಿ ನಕ್ಕಿತು, ಅಳಿಯನ ಎದುರು ಬಾಯಿ ತೆರೆದು ನಕ್ಕದ್ದು ಅದೇ ಮೊದಲು. ಉಮ್ಮನಿಗೆ ನಗುವೂ ಉಂಟು, ಹಠವೂ ಉಂಟು, ಹಠ ಇಡೀ ಸಂಪಾಜೆಗೆ ಗೊತ್ತು, ಹಿಂದೆ ಸ್ವಂತ ಅಣ್ಣ ಮದುವೆಗೆ ಹೋಗುವಾಗ ಗಾಡಿ ಅವಳ ಮನೆ ಎದುರು ನಿಲ್ಲಿಸದೆ ಹೊಡೆದುಕೊಂಡು ಹೋದ, ಹೊತ್ತಾಗಿತ್ತಂತೆ ಅಷ್ಟೆ, ಅವನು ಸಾಯುವ ತನಕ ಅವಳು ಅವನ ಅಂಗಳ ಮೆಟ್ಟಲಿಲ್ಲ, ಸಾಯುವಾಗ ಹೇಳಿ ಕಳಿಸಿದರೂ ಇಲ್ಲ, ಬಾಗಿಲು ದಾಟಿ ಹೋದವನ ಬಾಗಿಲಿಗೆ ನನಗೆಂತ ಕೆಲಸ ಅಂತ. ಅಂಥವಳು. ಎಂಬತ್ತರ ಹತ್ತಿರ. ನಾಲ್ಕು ತಿಂಗಳು ಹತ್ತು ದಿನ ಯಾರು ಕಂಡದ್ದು? ಹೇಳಬೇಕು ಸಮದ್‌ಗೆ, ಈಗಲೇ ಹೇಳಬೇಕು, ಮಗನೇ ನಾನು ಇಳಿಯುವುದಿಲ್ಲ, ಕಿಟಕಿಯಿಂದಲೇ ಒಂದು ಸಲ, ಬಾಯಿ ತೆರೆದಳು, ಆಯಿಶಾ ನೀರು ಬೇಕಾ ಮಾಮಿ ಅಂತ ಕೇಳಿದಳು, ಬೇಡ ಅಂದಳು, ಹೇಳಬೇಕಾದ್ದು ಹೇಳದೆ ಬೇಡ ಅಂದದ್ದು ಮಾತ್ರ ಆಯಿತು.

ಕಲ್ಲುಗುಂಡಿ ಬಂದೇ ಬಿಟ್ಟಿತು, ಊರು ಬರುವುದಕ್ಕೆ ಎಷ್ಟು ಹೊತ್ತು, ಮಸೀದಿಯ ಗೋಡೆ, ತೋಡಿನ ಮೋರಿ, ಯೂಸುಫನ ಅಂಗಡಿಯ ತಗಡಿನ ಮಾಡು, ಪರದೆಯ ಸೀಳಿನಲ್ಲಿ ಬೆಂಚು, ಬೆಂಚಿನ ಮೇಲೆ ಬಿಳಿ ತಲೆವಸ್ತ್ರ, ಉಮ್ಮ, ಕೂತಿದ್ದಾಳೆ, ಕೂತೇ ಇದ್ದಾಳೆ. ವ್ಯಾನಿನ ಗುರುತು ಹತ್ತಿತು ಅವಳಿಗೆ, ಕೈ ಎತ್ತಿದಳು, ಜತ್ತಪ್ಪ ಪಾಪ ತನ್ನಷ್ಟಕ್ಕೇ ವೇಗ ಕಮ್ಮಿ ಮಾಡಿದ, ಅವನಿಗೂ ನೆನಪಿತ್ತು, ಸಾಹುಕಾರ್ರು ನಿಲ್ಸುವ ಅಂದದ್ದು ಅವನೂ ಕೇಳಿದ್ದ, ನಿಲ್ಸುದಾ ಸಮದ್ ಬ್ಯಾರಿ? ಸಮದ್ ಮುಂದೆ ನೋಡಿದ, ರಸ್ತೆಯನ್ನೇ ನೋಡಿದ, ಅವನ ಕಿವಿಯ ಹಿಂದಿನ ನರ ಎದ್ದು ನಿಂತಿತ್ತು. ಬೇಡ ಜತ್ತಪ್ಪಣ್ಣ, ಹೋಗುವ. ಜತ್ತಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ, ಅವಳನ್ನೇ ನೋಡಿದ, ನೀವು ಒಂದು ಮಾತು ಹೇಳಿ ಅಮ್ಮಾ ಅನ್ನುವ ಹಾಗೆ, ಕಾಲು ಇನ್ನೂ ಬ್ರೇಕಿನ ಮೇಲೆಯೇ, ವ್ಯಾನು ಉಮ್ಮನ ಎದುರಿಗೇ ಬಂದು ನಡೆಯುವವನ ಹೆಜ್ಜೆಯಷ್ಟು ಮೆಲ್ಲಗಾಯಿತು, ವ್ಯಾನು ನಿಂತಿತು ಅಂತಲೇ ಉಮ್ಮ ತಿಳಿದಳು, ಒಂದು ಕೈ ಬೆಂಚಿಗೆ ಊರಿ ಒಂದು ಕೈ ಅಂಗಡಿಯ ಕಂಬಕ್ಕೆ ಹಾಕಿ ಎದ್ದಳು, ಅರ್ಧ ಎದ್ದಳು, ಮೊಣಗಂಟು ಇನ್ನೂ ನೆಟ್ಟಗಾಗಿಲ್ಲ, ಮುಖದಲ್ಲಿ ಆ ನಗು — ನೆಬೀಸ ಏನೂ ಹೇಳಲಿಲ್ಲ. ಗೇರು ಬದಲಾಯಿತು.

ಅರಂತೋಡು. ಪಯಸ್ವಿನಿ ಎಡಕ್ಕೋ ಬಲಕ್ಕೋ, ನೀರು ಕಮ್ಮಿ, ಕಲ್ಲು ಜಾಸ್ತಿ, ಬಟ್ಟೆ ಒಗೆಯುವ ಹೆಂಗಸರು ತಲೆ ಎತ್ತಿ ನೋಡಿದರು, ಲೋಕಕ್ಕೆ ಎಂತ, ಅದರಷ್ಟಕ್ಕೆ ಅದು ಬಟ್ಟೆ ಒಗೆಯುತ್ತದೆ. ಯಾಕೆ ಹೇಳಲಿಲ್ಲ? ಸಮದ್ ಮನೆಯ ಯಜಮಾನನಾಗಿ ಹೇಳಿದ ಮೊದಲ ಮಾತು, ಅದನ್ನು ಡ್ರೈವರನ ಎದುರು ಮುರಿಯಬಾರದು ಅಂತವಾ? ಅದು ಹೌದು, ಆದರೆ ಅಷ್ಟೇ ಅಲ್ಲ. ಉಸ್ತಾದರ ಮಾತಿನ ಹೆದರಿಕೆಯಾ? ನಿಲ್ಲಿಸಿದರೆ ಇಳಿದ ಹಾಗಾಯಿತಾ, ಕಿಟಕಿಯಲ್ಲಿ ಮುಖ ತೋರಿಸಿದರೆ ಆಕಾಶ ಬೀಳುತ್ತಿತ್ತಾ? ಸಮದ್‌ಗೂ ಅದು ಗೊತ್ತಿತ್ತು, ಅವನಿಗೆ ಉಮ್ಮಮ್ಮನ ಎದುರು ನಿಂತು ಉಪ್ಪ ಸತ್ತರು ಅಂತ ಹೇಳುವ ಧೈರ್ಯ ಇರಲಿಲ್ಲ, ಉಸ್ತಾದರ ಮಾತಿನ ಹಿಂದೆ ಅಡಗಿ ಕೂತ ಪಾಪದವನು, ಇಪ್ಪತ್ಮೂರು ವರ್ಷ, ತಂದೆಯನ್ನು ಕೈಯಾರೆ ಮಣ್ಣಿಗೆ ಇಳಿಸಿ ಬಂದವನು. ಅವನದ್ದು ಬಿಡು. ನಿನ್ನದು? ನಿಜ ಹೇಳು ನೆಬೀಸ, ನಿಜ ಹೇಳುವುದಾದರೆ, ಆ ನಗು. ಉಮ್ಮನ ಮುಖದಲ್ಲಿ ನಗು ಇತ್ತಲ್ಲ, ಅಳಿಯ ಬಂದ ಅಂತ ನಗು, ಇಡೀ ಲೋಕದಲ್ಲಿ ಮೂಸಕುಂಞಿ ಇನ್ನೂ ಬದುಕಿ ಇದ್ದದ್ದು ಆ ಒಂದು ಮುಖದಲ್ಲಿ, ನರಿಮೊಗರಿನ ಮನೆಯವರಿಗೆ ತಂತಿ ಹೋಗಿ ಆಗಿದೆ, ಪುತ್ತೂರು ಪೇಟೆಗೆ ಗೊತ್ತಾಗಿದೆ, ಅಲ್ಲಿ ಮಾತ್ರ, ಆ ಬೆಂಚಿನಲ್ಲಿ ಮಾತ್ರ ಅವರು ವ್ಯಾನಿನೊಳಗೆ ಕೂತಿದ್ದಾರೆ, ಪರದೆಯ ಹಿಂದೆ, ಈಗ ಇಳಿಯುತ್ತಾರೆ, ತಮಾಷೆ ಮಾಡುತ್ತಾರೆ. ಅದನ್ನು ತನ್ನ ಬಾಯಿಂದ ಕೊಲ್ಲುವುದಕ್ಕೆ ಆಗಲಿಲ್ಲ. ಚೆಂದದ ಮಾತು. ಕೇಳಿದವರು ಹೌದು ಹೌದು ಅಂದಾರು. ಆದರೆ ಉಮ್ಮನಿಗೆ ಅದನ್ನು ಯಾರು ಹೇಳುತ್ತಾರೆ, ಉಮ್ಮ ಕಂಡದ್ದು ನಿಧಾನ ಮಾಡಿ, ನೋಡಿ, ಗುರುತು ಹಿಡಿದು, ಮತ್ತೆ ಹೋದ ವ್ಯಾನು, ಎದುರಿನ ಸೀಟಿನಲ್ಲಿ ಮೊಮ್ಮಗ ಮುಖ ತಿರುಗಿಸಿದ್ದು, ನಾಳೆ ಸುದ್ದಿ ತಿಳಿದ ಮೇಲೆ ಅವಳು ಹೇಳುವುದು ಇಲ್ಲಿಗೇ ಕೇಳಿಸುತ್ತದೆ, ಸಾವು ಆದದ್ದಾದ್ರೆ ಮತ್ತೂ ನಿಲ್ಸಬೇಕಿತ್ತಲ್ಲ. ಕಾಲಿನ ಹತ್ತಿರ ತಾಳೆಗರಿಯ ಪೆಟ್ಟಿಗೆ ಜಾರಿ ಬಂತು, ಉಮ್ಮನ ಎಲೆಅಡಿಕೆಗೆ ಅಂತ ಇವರು ನಾಗೂರಿನಲ್ಲಿ ಹತ್ತು ಅಂಗಡಿ ಸುತ್ತಿ ತೆಗೆದದ್ದು, ಅವಳು ಅದನ್ನು ಕಾಲಿನಿಂದಲೇ ಸೀಟಿನ ಕೆಳಗೆ ದೂಡಿದಳು.

ಸುಳ್ಯ ಪೇಟೆ, ಜಾಲ್ಸೂರು, ಕಾವು, ಕುಂಬ್ರ, ಪ್ರತಿ ತಿರುವಿನಲ್ಲಿಯೂ ಉಮ್ಮ ಅರ್ಧ ಎದ್ದಿದ್ದಾಳೆ, ಯಾವ ಅಂಗಡಿಯ ಬೆಂಚು ಕಂಡರೂ ಅಲ್ಲಿ ಒಂದು ಕೈ ಕಂಬಕ್ಕೆ, ಹಿಂದೆ ತಿರುಗಿಸಿ ಜತ್ತಪ್ಪ ಅಂದರೆ ಅವನು ತಿರುಗಿಸುತ್ತಾನೆ, ಸುಳ್ಯದಲ್ಲಿ ಹೇಳಬಹುದಿತ್ತು, ಜಾಲ್ಸೂರಿನಲ್ಲಿಯೂ ಹೇಳಬಹುದಿತ್ತು, ಒಂದೊಂದು ಮೈಲು ಆಗುವಾಗ ಒಂದೊಂದು ಮೈಲು ಕಷ್ಟ, ಪುತ್ತೂರು ಬಂದ ಮೇಲೆ ಆ ಮಾತು ಹುಚ್ಚಿಯ ಮಾತಾಗುತ್ತದೆ, ಪುತ್ತೂರು ಬಂತು. ಒಣಮೀನಿನ ಅಂಗಡಿಯ ಹಲಗೆ ಹಾಕಿತ್ತು. ಜತ್ತಪ್ಪ ಅಲ್ಲಿ ಮೆಲ್ಲಗೆ ಮಾಡಲಿಲ್ಲ, ಕಲಿತಿದ್ದ. ನರಿಮೊಗರಿನ ಮನೆಯ ಅಂಗಳದಲ್ಲಿ ಗಂಡಸರು ಎದ್ದು ನಿಂತರು, ಪಕ್ಕದ ತೋಟದ ಕುಕ್ಕಪ್ಪ ಗೌಡರು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು, ಹೆಂಗಸರು ಬಂದು ಸುತ್ತುವರಿದರು, ಅಳು, ಕೈ, ಕುತ್ತಿಗೆ, ಅತ್ತರಿನ ವಾಸನೆ, ಹೊಸ್ತಿಲು ದಾಟುವಾಗ ಅವಳು ಒಂದು ಸಲ ತಿರುಗಿ ಮಾರ್ಗ ನೋಡಿದಳು, ನಾದಿನಿ ನಫೀಸಮ್ಮ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು, ಒಳಕೋಣೆ, ಚಾಪೆ, ಕಿಟಕಿಗೆ ಬಟ್ಟೆ ಕಟ್ಟಿ ಆಗಿತ್ತು.

ಅತ್ತು ಮುಗಿಸಿ ಮೂಗು ಒರೆಸಿಕೊಂಡು ನಫೀಸಮ್ಮ ಅತ್ತಿತ್ತ ನೋಡಿದಳು, ಬಾಗಿಲ ಆಚೆ ನೋಡಿದಳು, ಪಾತುಮ್ಮ ಎಲ್ಲಿ? ಕಲ್ಲುಗುಂಡಿ ದಾರಿಯಲ್ಲೇ ಅಲ್ವಾ, ಬರುವಾಗ ಉಮ್ಮನನ್ನು ವ್ಯಾನಿಗೆ ಹತ್ಸಿಕೊಂಡು ಬರುದಲ್ವಾ, ಜಾಗ ಇತ್ತಲ್ಲ, ಇದ್ದತ್ ಮುಗಿಯುವವರೆಗೆ ನಿನ್ನ ಒಟ್ಟಿಗೆ ಇಲ್ಲೇ ಇರ್ತಿದ್ರು ಪಾಪ, ನಾನು ಇಬ್ಬರಿಗೂ ಅಂತಲೇ ಚಾಪೆ ಹಾಸಿದ್ದು. ನೆಬೀಸ ಕೆಳಗೆ ನೋಡಿದಳು, ಹೌದು, ಎರಡು ಚಾಪೆ. ಇಳಿಯಬಾರದು ಅಂತ ಹೇಳಿದ್ದು. ಹತ್ತಬಾರದು ಅಂತ ಯಾರೂ ಹೇಳಿರಲಿಲ್ಲ. ಸಮದ್ ಬಾಗಿಲಲ್ಲಿ ನಿಂತಿದ್ದ, ಅವನಿಗೂ ಈಗ ಹೊಳೆದದ್ದು, ಬಣ್ಣ ಹೋಯಿತು ಮುಖದಲ್ಲಿ, ನಾಳೆಯೇ ಹೋಗಿ ಕರ್ಕೊಂಡು ಬರ್ತೇನೆ ಉಮ್ಮಾ ಅಂದ, ಅವನಿಗೆ ಉಮ್ಮಮ್ಮ ಗೊತ್ತಿಲ್ಲ, ಬರುವವಳಾ ಅವಳು, ಮುಖ ನೋಡಿ ದಾಟಿ ಹೋದವರ ಮನೆಗೆ, ಒಂಬತ್ತನೆಯ ದಿನವೂ ಬಂದು ಕೂತಿದ್ದಾಳೆ, ಹತ್ತನೆಯ ದಿನವೂ ಕೂತಿದ್ದಾಳೆ, ಹನ್ನೊಂದನೆಯ ದಿನ ವ್ಯಾನು ಬಂತು, ಮೆಲ್ಲಗಾಯಿತು, ಒಂದು ಕೈ ಬೆಂಚಿಗೆ, ಒಂದು ಕೈ ಕಂಬಕ್ಕೆ, ಎದ್ದಳು, ಅರ್ಧ ಎದ್ದಳು, ನಫೀಸಮ್ಮ ಕೂತುಕೋ ನೆಬೀಸ ಕೂತುಕೋ ಅನ್ನುತ್ತಿದ್ದಾಳೆ, ಯಾರೋ ಹೆಗಲು ಒತ್ತುತ್ತಿದ್ದಾರೆ, ಕೂತುಕೊಳ್ಳುವುದು ಹೇಗೆ, ಅಲ್ಲಿ ಅವಳು ಇನ್ನೂ ಕೂತಿಲ್ಲ, ಪೂರ್ತಿ ಎದ್ದೂ ಇಲ್ಲ, ಮೊಣಗಂಟು ಮಡಚಿಯೇ ಉಂಟು, ನಗು ಹಾಗೇ ಉಂಟು, ಒಂದು ಕೈ ಕಂಬಕ್ಕೆ, ಅರ್ಧ ಎದ್ದಿದ್ದಾಳೆ ಉಮ್ಮ, ಅರ್ಧ ಎದ್ದಿದ್ದಾಳೆ