ಯಾವ ಇಲಾಜು?

"ಪರಾತ ಬೆಳಗಿದರೆ ಮುಖ ಕಾಣಬೇಕು ಕಣೇ. ಇದರಲ್ಲಿ ಕಾಣ್ತಿರೋದು ನಿನ್ನ ಕಳ್ಳ ಮಗನ ಮೋರೆ, ಮುಂಡೇದೆ!" ಎಂದು ಶೇಷಗಿರಿ ಭಟ್ಟರು ಪರಾತವನ್ನು ಕಾಲಿನಿಂದ ನೂಕಿದರು.

ಶರಣಬಸಮ್ಮ ಅದನ್ನು ಎಳೆದುಕೊಂಡು ಮತ್ತೆ ಬೂದಿ ಹಚ್ಚಿದಳು. ಕೇದಾರಘಾಟಿನ ಭಟ್ಟರ ಯಾತ್ರಿನಿವಾಸದಲ್ಲಿ ಹದಿನೆಂಟು ವರ್ಷದಿಂದ ಅವಳದು ಇದೇ ಕೆಲಸ. ಅವಳು ತೊಳೆದ ಪಾತ್ರೆ ಗಂಗೆ ಚಿಮುಕಿಸಿಕೊಂಡೇ ಒಳಗೆ ಹೋಗಬೇಕು. ಮಗ ತೋಂಟೇಶ ಹರಿಶ್ಚಂದ್ರ ಘಾಟಿನಲ್ಲಿ ಚಿತೆಗೆ ಸೌದೆ ಹೊರುತ್ತಿದ್ದ. ಸ್ಮ್ಯಾಕ್ ಎಂಬ ಅಮಲಿನ ಪುಡಿ ಕಲಿತದ್ದೂ ಅಲ್ಲೇ. ಹದಿನೈದು ದಿನದ ಹಿಂದೆ ಭಟ್ಟರ ತಾಮ್ರದ ತಂಬಿಗೆ ಕದ್ದು, ಕಿಸೆಯಲ್ಲಿ ಪುಡಿಯ ಪೊಟ್ಟಣದ ಸಮೇತ ಸಿಕ್ಕಿಬಿದ್ದ. ತಂಬಿಗೆ ವಾಪಸು ಬಂತು. ಪುಡಿಯ ಕೇಸು ಉಳಿಯಿತು.

"ಭಟ್ರ, ನಾಳಿಗಿ ಕೋರ್ಟಿಗಿ ಬರ್ತೀರಲ್ರೀ? ಪೊಟ್ಟಣ ಸಣ್ಣದೈತಿ, ಚಟದಾಂವ ಅದಾನ, ಜೈಲಿನ ಬದ್ಲಿ ದವಾಖಾನಿಗಿ ಕಳಸ್ತಾರಂತ ವಕೀಲ್ರು ಹೇಳ್ಯಾರ. ಅಂವ ತಾನ ಹೂಂ ಅನಬೇಕಂತ. ದೊಡ್ಡೋರೊಬ್ರು ಜಾಮೀನು ನಿಂದರಬೇಕಂತ."

"ದವಾಖಾನೆಗೆ ಹೋದರೆ ಕಳ್ಳತನ ಬಿಡ್ತಾನೇನೇ?"

"ಪುಡಿ ಹಿಡಿಯೂ ಮುಂಚೆ ಅಂವ ಯಾರ್ದರ ಒಂದ್ ಕಡ್ಡಿ ಮುಟ್ಟಿದ್ನೇನ್ರೀ?"

"ಸರಿ, ಬರ್ತೀನಿ. ಕಕ್ಕಸಿನ ಮೋರಿ ಕಟ್ಟಿದೆ. ಮೊದಲು ಕೈ ಹಾಕಿ ತೆಗಿ."

ತೆಗೆದಳು.

ಮಗನನ್ನು ಹಿಡಿದೊಯ್ದ ದಿನ ಠಾಣೆಯ ದರೋಗಾ ನಗುತ್ತ, "ಚಿಂತಾ ಮತ್ ಕರ್ ಮಾಯಿ, ಬಢಿಯಾ ಇಲಾಜ್ ಕರೇಂಗೇ", ಚಿಂತೆ ಬಿಡು, ಒಳ್ಳೇ ಇಲಾಜು ಮಾಡ್ತೀವಿ ಅಂದಿದ್ದ. ಬೀದರ್ ಕಡೆಯ ಅವಳ ಊರಲ್ಲೂ ಮದ್ದು ಮಾಡುವುದಕ್ಕೆ ಇಲಾಜು ಅಂತಲೇ ಹೆಸರು. ಎಂಥ ಪುಣ್ಯವಂತ ಎಂದು ಅವನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡು, "ಸಾಹೇಬ್ರು ಇಲಾಜ್ ಮಾಡ್ತಾರ, ಹೂಂ ಅನ್ನೋ ತಮ್ಮಾ" ಎಂದು ಮಗನಿಗೆ ಹೇಳಿ ಬಂದಿದ್ದಳು.

ಮರುದಿನ ರೊಟ್ಟಿ ಒಯ್ದಾಗ ತೋಂಟೇಶ ಗೋಡೆ ಹಿಡಿದು ನಿಂತಿದ್ದ. ಅಂಗಾಲುಗಳು ಊದಿ, ಒಡೆದು, ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಇಲಾಜ್ ಆತವ್ವಾ," ಅಂದ. "ಮಾಯೀನೇ ನಮ್ಮ ಕಾಲು ಮುಟ್ಟಿ ಕೇಳ್ಕೊಂಡಾಳ ಅಂತ ನಾಕು ಏಟು ಜಾಸ್ತಿ ಹಾಕಿದ್ರು."

ಆಮೇಲೆ ಜೈಲಿನಲ್ಲಿ ಭೇಟಿಗೂ ಬಿಡಲಿಲ್ಲ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಫೈಲಿನಿಂದ ತಲೆ ಎತ್ತದೆ, ಇಲಾಜು ಮಾಡಿಸಿಕೊಳ್ತೀಯೋ ಜೈಲೋ ಎಂದು ಕೇಳಿದರು. "ಇಲಾಜ್ ಕರಾವೋಗೇ, ಯಾ ಜೇಲ್?"

ತೋಂಟೇಶ ಪಕ್ಕದಲ್ಲಿದ್ದ ದರೋಗಾನ ಕೈ ನೋಡಿದ. "ಜೇಲ್, ಹುಜೂರ್. ಇಲಾಜ್ ನಹೀಂ. ಪಾಂವ್ ಪಡತಾ ಹೂಂ, ಇಲಾಜ್ ನಹೀಂ." ಕಾಲಿಗೆ ಬೀಳ್ತೀನಿ, ಇಲಾಜು ಮಾತ್ರ ಬೇಡ ಅಂದ.

ವಕೀಲರೆಲ್ಲ ಗೊಳ್ಳೆಂದರು.

"ಲೇ ತಮ್ಮಾ! ಇದು ದವಾಖಾನಿ ಇಲಾಜೋ! ಡಾಕ್ಟರ್ ಮಾಡೂದು! ಹೂಂ ಅನ್ನೋ!"

"ಠಾಣೇದಾಗೂ ನೀ ಹಿಂಗೇ ಅಂದಿದ್ದೆವ್ವಾ."

ಅವಳು ಭಟ್ಟರ ಕಡೆ ತಿರುಗಿದಳು. "ಭಟ್ರ, ಸಾಹೇಬ್ರಿಗಿ ತಿಳಿಸಿ ಹೇಳ್ರೀ! ಪೊಲೀಸರು ಬಡದು ಅದಕ್ಕ ಇಲಾಜ್ ಅಂದಾರ, ಅದಕ್ಕ ಅಂಜ್ಯಾನಂತ ಹೇಳ್ರೀ!"

ಭಟ್ಟರು ಶಲ್ಯ ಸರಿಪಡಿಸಿಕೊಂಡರು. "ದರೋಗಾನ ಎದುರಿಗೆ ನಾನು ಅದನ್ನ ಹೇಳಲಾ? ನಾಳೆ ನನ್ನ ಯಾತ್ರಿಕರ ಗತಿ?" ಎಂದವರು ಜನರ ನಡುವೆ ದಾರಿ ಮಾಡಿಕೊಂಡು ಹೊರಟೇಹೋದರು.

"ಮುಲ್ಜಿಮ್ ಇಲಾಜ್ ಸೇ ಇನ್ಕಾರ್," ಆರೋಪಿ ಇಲಾಜು ಒಲ್ಲೆನೆಂದ ಎಂದು ಗುಮಾಸ್ತ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದ.

ಶರಣಬಸಮ್ಮ ಜನರನ್ನು ಸೀಳಿಕೊಂಡು ಕಟಕಟೆಯ ಕೆಳಗೆ ಕುಕ್ಕರಿಸಿದಳು. ಮಗನ ಒಂದು ಕಾಲು ಎಳೆದುಕೊಂಡು ಸುತ್ತಿದ್ದ ಅರಿವೆ ಬಿಚ್ಚಿದಳು. ಕೀವು ಕಟ್ಟಿದ ಅಂಗಾಲನ್ನು ಎರಡೂ ಕೈಯಿಂದ ಮೇಜಿನ ಕಡೆಗೆ ಎತ್ತಿ ಹಿಡಿದಳು.

"ಹುಜೂರ್! ಏ ದರೋಗಾ ಕಾ ಇಲಾಜ್! ಕೌನ್ ಸಾ ಇಲಾಜ್ ಲಿಖತಾ ತುಮ್?" ಇದು ದರೋಗಾನ ಇಲಾಜು, ನೀವು ಬರೆಯೋದು ಯಾವ ಇಲಾಜು ಎಂದು ತನ್ನ ಹರಕು ಹಿಂದಿಯಲ್ಲಿ ಕೂಗಿದಳು.

"ಹಟ್ ಬುಢಿಯಾ!" ಕಾನ್‌ಸ್ಟೇಬಲ್ ಅವಳ ತುರುಬಿಗೆ ಕೈ ಹಾಕಿ ಎಳೆದ.

"ನಿನ್ನ ಹೆಣಾ ಎತ್ಲಿ, ಬಿಡೋ!"

ಮ್ಯಾಜಿಸ್ಟ್ರೇಟರು ಅಂದು ಮೊದಲ ಸಲ ತಲೆ ಎತ್ತಿದರು. ನೋಡಿದ್ದು ಗೋಡೆಯ ಗಡಿಯಾರವನ್ನು.

ತೋಂಟೇಶ ಕಟಕಟೆಯ ಸರಳು ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದ. "ಬಿಡವ್ವಾ, ಮತ್ತ ಇಲಾಜ್ ಮಾಡ್ತಾರ."

ಹದಿನೆಂಟು ವರ್ಷ ಪರಾತ ಉಜ್ಜಿದ ಕೈ ಅದು. ಬಿಡಲಿಲ್ಲ.