ಅತ್ತಿಗೆಯ ಮೇಲೆ ಕೂಗುವ ಅಭ್ಯಾಸ

ಫುಟ್‌ಬಾಲ್ ಚೆಂಡು ಮೇಲಿನಿಂದ ಇಳಿಯುತ್ತಿತ್ತು. ಕೆಳಗೆ ಇಬ್ಬರಿದ್ದರು. ಒಂದು ಚೆಂಡಿಗೆ ಒಬ್ಬರು ಸಾಕು. ಇಬ್ಬರಾದಾಗ ಒಬ್ಬರು ಸರಿಯಬೇಕು. ಯಾರು ಸರಿಯಬೇಕೆಂದು ಹೇಳುವವಳು ಗೋಲು ಕಾಯುವ ಗೋಲಿ, ಏಕೆಂದರೆ ಇಡೀ ಮೈದಾನ ಎದುರಿಗೆ ಕಾಣುವುದು ಅವಳೊಬ್ಬಳಿಗೆ. ಹೇಳಬೇಕಾದದ್ದು ಒಂದೇ ಮಾತು: 'ನಂದು!'

ಹುಡುಗಿ ಬಾಯಿ ತೆರೆದಳು. ಮಾತು ಗಂಟಲಿನವರೆಗೆ ಬಂದು, ಮುಂದೆ ನಿಂತವರು ಯಾರೆಂದು ಇಣುಕಿ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು. ಮುಂದೆ ನಿಂತವರು ಅವಳ ಅತ್ತಿಗೆ.

ಢೀ ಎಂದಿತು. ಅತ್ತಿಗೆಯ ಹಣೆಗೆ ತಾಗಿದ ಚೆಂಡು ಸ್ವಂತ ಗೋಲಿನೊಳಗೇ ಹೊಕ್ಕು ಬಲೆಯಲ್ಲಿ ಮಲಗಿತು. ಅದರ ಪಕ್ಕದಲ್ಲಿ ಹುಡುಗಿಯೂ ಮಲಗಿದ್ದಳು.

ಪರೀಕ್ಷೆಗೆಂದು ಅವಳನ್ನು ಆಡಿಸಿದ್ದ, ಹಿರಿಯರ ತಂಡವನ್ನು ನಡೆಸುವ ಮೇಡಂ ಬಂದು ಅವಳನ್ನು ಮೇಲಿನಿಂದ ನೋಡಿದರು.

"ಕೈ ಚೆನ್ನಾಗಿದೆ. ಬಾಯಿ ಎಲ್ಲಿ ಬಿಟ್ಟು ಬಂದೆ? ಭಾನುವಾರ ಪಂದ್ಯ ಇದೆ. ತಗೊಂಡು ಬಾ. ಇಲ್ಲಾಂದ್ರೆ ಪಕ್ಕದ ಕ್ಲಬ್ಬಿನ ಗೋಲಿ ಕಾಯ್ತಿದ್ದಾಳೆ, ಅವಳನ್ನ ಕರ್ಕೋತೀನಿ."

ಹುಡುಗಿಗೆ ಇನ್ನೊಂದು ದಾರಿಯಿರಲಿಲ್ಲ. ಕಿರಿಯರ ತಂಡದ ವಯಸ್ಸು ಈ ವರ್ಷಕ್ಕೆ ಮುಗಿಯಿತು. ಹಿರಿಯರು ತೆಗೆದುಕೊಳ್ಳದಿದ್ದರೆ ಅವಳು ಕೈಗವಸನ್ನು ತೊಳೆದು ಒಣಗಿಸಿ ಯಾರಿಗಾದರೂ ಕೊಟ್ಟುಬಿಡಬೇಕು.

ಅವಳ ಅಡ್ಡಹೆಸರು ಪಿಸುಮಾತು. ಹಿರಿಯರ ತಂಡದ ಡಿಫೆಂಡರ್ ಆಗಿದ್ದ ಅತ್ತಿಗೆಗೂ ಒಂದು ಅಡ್ಡಹೆಸರಿತ್ತು: ಗೋಡೆ. ಹಗಲು ಆಸ್ಪತ್ರೆಯಲ್ಲಿ ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವವರು. ಸಂಜೆ ಮೈದಾನದಲ್ಲಿ ಆ ಕೆಲಸಕ್ಕೆ ಗಿರಾಕಿ ಹುಟ್ಟಿಸುವವರು ಎಂದು ಎದುರಾಳಿಗಳು ಆಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅವರ ಮಾತಿಗೆ ಎದುರಾಡಿದವರಿಲ್ಲ. ಅಣ್ಣ ಮದುವೆಯಾದ ಹೊಸದರಲ್ಲಿ ಒಮ್ಮೆ ಪ್ರಯತ್ನಿಸಿ, ಆಮೇಲೆ ಆ ಅಭ್ಯಾಸ ಬಿಟ್ಟಿದ್ದ.

ಕಿರಿಯರ ತಂಡದ ಕೋಚ್ ವಯಸ್ಸಾದವರು. ಎದುರಿಗೆ ಸರ್, ಬೆನ್ನ ಹಿಂದೆ ತಾತ. ಸುದ್ದಿ ಕೇಳಿ ಅವರು ತಲೆ ಕೊಡವಿದರು.

"ಕೈ ಕೆಸರಾಯ್ತು, ಸರಿ. ಬಾಯಿ ಮೊಸರಾಗಬೇಕಿತ್ತು. ಹೆಪ್ಪುಗಟ್ಟಿ ಕೂತಿದೆಯಲ್ಲೇ! ಹತ್ತು ವರ್ಷ ಕಾಲು ಕೈ ಎಲ್ಲಾ ಕಲಿಸಿದೆ. ಗಂಟಲು ತಾನಾಗೇ ಬರತ್ತೆ ಅಂದ್ಕೊಂಡಿದ್ದು ನನ್ನ ತಪ್ಪು. ಎಲ್ಲರೂ ಟವೆಲ್ ತಗೊಳ್ರೇ!"

ಕಿರಿಯರ ತಂಡದ ನಾಲ್ವರು ಡಿಫೆಂಡರುಗಳ ಕಣ್ಣಿಗೆ ಟವೆಲ್ ಕಟ್ಟಲಾಯಿತು. ಪಿಸುಮಾತು ಗೋಲಿನಲ್ಲಿ ನಿಂತಳು.

"ಇನ್ಮೇಲೆ ಇವರ ಕಣ್ಣು ನೀನು. ನೀನು ಹೇಳಿದ ಕಡೆ ಹೋಗ್ತಾರೆ. ಹೇಳದಿದ್ರೆ ನೆಟ್ಟಗೆ ಹೋಗ್ತಾನೇ ಇರ್ತಾರೆ. ನಡೀರಿ!"

ನಾಲ್ವರೂ ನಡೆದರು. ಗೆರೆ ಬಳಿಯಲು ಮಾಲಿ ಕಲಸಿಟ್ಟಿದ್ದ ಸುಣ್ಣದ ಬಕೆಟ್ಟಿನ ಕಡೆಗೆ ಒಬ್ಬಳು ಹೊರಟಳು.

"ಎಡಕ್ಕೆ," ಎಂದಳು ಪಿಸುಮಾತು, ಪಕ್ಕದ ಕಂಬಕ್ಕೆ ಮಾತ್ರ ಕೇಳುವಂತೆ.

ಕಾಲು ಬಕೆಟ್ಟಿನೊಳಗೆ ಇಳಿಯಿತು. ಎರಡನೆಯವಳು ಗೋಲಿನ ಕಂಬವನ್ನು ಅಪ್ಪಿಕೊಂಡು, "ಸಾರಿ ಅಕ್ಕಾ, ನೋಡ್ಲಿಲ್ಲ," ಎಂದಳು. ಮೂರನೆಯವಳು ಸುಣ್ಣದವಳ ಮೇಲೆಯೇ ಬಿದ್ದು, ಇಬ್ಬರೂ ಬೆಳ್ಳಗಾದರು. ನಾಲ್ಕನೆಯವಳು ಯಾವ ಅಡೆತಡೆಯೂ ಇಲ್ಲದೆ, ಮದುವಣಗಿತ್ತಿಯ ಗಾಂಭೀರ್ಯದಿಂದ, ತಾತನ ಸ್ಕೂಟರಿನತ್ತ ಸಾಗಿದಳು. ಆ ಸ್ಕೂಟರನ್ನು ತಾತ ಹೆಂಡತಿಗೂ ಮುಟ್ಟಗೊಟ್ಟವರಲ್ಲ.

"ಸರ್, ನಿಮ್ಮ ಗಾಡಿ..."

"ನಂಗ್ಯಾಕೆ ಹೇಳ್ತೀಯ? ಕಣ್ಣು ಕಟ್ಟಿರೋದು ನಂಗಾ?"

"ನಿಲ್ಲೇ ಕತ್ತೇ! ಬಲಕ್ಕೆ ತಿರುಗೇ!"

ಆ ಕೂಗು ಎಲ್ಲಿಂದ ಹೊರಟಿತೋ ಪಿಸುಮಾತಿಗೇ ತಿಳಿಯಲಿಲ್ಲ. ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ಬೇಲಿಯಾಚೆ ಬಸ್ಸಿಗೆ ಕಾಯುತ್ತಿದ್ದವರು ನಿಂತಲ್ಲೇ ಬಲಕ್ಕೆ ತಿರುಗಿದರು. ಡಿಫೆಂಡರ್ ಹುಡುಗಿ ಸ್ಕೂಟರಿನಿಂದ ಒಂದು ಗೇಣು ದೂರದಲ್ಲಿ ಕಲ್ಲಾಗಿದ್ದಳು.

ತಾತ ಹಣೆಯ ಬೆವರು ಒರೆಸಿಕೊಂಡರು. "ಸದ್ಯ! ಗೆಳತಿ ಮೇಲೆ ಕೂಗೋದು ಕೂಡೋ ಲೆಕ್ಕ. ಅತ್ತಿಗೆ ಮೇಲೆ ಕೂಗೋದು ಭಾಗಾಕಾರ. ಅದನ್ನ ಮನೇಲಿ ಮಾಡ್ಕೊಂಡು ಬಾ."

ಆ ವಾರವಿಡೀ ಮೈದಾನದಲ್ಲಿ ಟವೆಲ್ಲಿನ ಆಟವೇ ನಡೆಯಿತು. ಗಂಟಲು ಒಮ್ಮೆ ತೆರೆದ ಮೇಲೆ ಅದಕ್ಕೆ ಮುಚ್ಚಳ ಸಿಗಲಿಲ್ಲ. ದಾರಿಯಲ್ಲಿ ಸೈಕಲ್ಲಿನವರಿಗೆ ಎಡ ಬಲ ಹೇಳಿದಳು. ಮನೆಯಲ್ಲಿ ಅಮ್ಮನಿಗೆ, "ಹಿಂದೆ! ಒಲೆ ಹಿಂದೆ!" ಎಂದು ಕೂಗಿ ಬೈಸಿಕೊಂಡಳು. ಅತ್ತಿಗೆಯ ಮುಂದೆ ಮಾತ್ರ ಬಾಯಿಗೆ ಬೀಗ.

ಶುಕ್ರವಾರ ಊಟದ ಹೊತ್ತಿಗೆ ಬಟ್ಟಲಿನಲ್ಲಿ ಒಂದು ಮೊಟ್ಟೆ ಉಳಿದಿತ್ತು. ಅತ್ತಿಗೆ ಅದನ್ನು ಚಮಚದಲ್ಲಿ ಎತ್ತಿದರು. ಹುಡುಗಿ ಅವರ ಬೆನ್ನ ಹಿಂದೆ ನೀರು ತುಂಬುತ್ತಿದ್ದಳು. ಗುಂಡಗಿನ ಬಿಳಿಯ ವಸ್ತುವೊಂದು ಗಾಳಿಯಲ್ಲಿ ಏಳುವುದನ್ನು ಕಂಡದ್ದೇ ತಡ, ಗಂಟಲು ಯಜಮಾನಿಯ ಅಪ್ಪಣೆಗೆ ಕಾಯಲಿಲ್ಲ.

"ನಂದು!"

ಅತ್ತಿಗೆ ತಟ್ಟನೆ ತಲೆ ತಗ್ಗಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಚಮಚ ಬಿತ್ತು. ಮೊಟ್ಟೆ ಅಣ್ಣನ ಮಡಿಲಿಗೆ ಉರುಳಿತು.

ಅತ್ತಿಗೆ ನಿಧಾನವಾಗಿ ನೆಟ್ಟಗಾದರು. ತಮ್ಮ ಕಾಲು ತಮ್ಮನ್ನು ಕೇಳದೆ ಸರಿದದ್ದು ಅವರಿಗೇ ನಂಬಲಾಗುತ್ತಿರಲಿಲ್ಲ.

ಅಣ್ಣನಿಗೆ ಆಸೆ ಹುಟ್ಟಿತು. ಟಿವಿಯ ರಿಮೋಟಿನತ್ತ ಕೈಚಾಚಿ, "ನಂದು!" ಎಂದು ತಾನೂ ಗರ್ಜಿಸಿದ.

"ಏನ್ರೀ ನಿಮ್ದು?" ಎಂದರು ಅತ್ತಿಗೆ.

"ಏನಿಲ್ಲ. ಸುಮ್ನೆ ಅಂದೆ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಅತ್ತಿಗೆ ನಾದಿನಿಯ ಕಡೆಗೆ ತಿರುಗಿದರು.

"ಈ ಕೂಗು ಎಲ್ಲಿ ಬಚ್ಚಿಟ್ಟಿದ್ದೆ? ನನ್ನ ಹಣೆ ಬೋಂಡಾ ಥರ ಊದಿದ್ದು ಇದಿಲ್ಲದೇ ತಾನೇ?"

"ನಿಮ್ಮ ಮೇಲೆ ಹೇಗೆ ಅತ್ತಿಗೆ... ದೊಡ್ಡೋರು ನೀವು..."

"ದೊಡ್ಡೋಳಾದ್ರೆ ಬೆನ್ನಿಗೆ ಕಣ್ಣು ಬರತ್ತಾ? ಹಿಂದೆ ಏನಾಗ್ತಿದೆ ಅಂತ ಗೊತ್ತಿಲ್ದೆ ಅಲ್ಲಿ ನಿಲ್ಲೋಕೆ ಎಷ್ಟು ಹೆದ್ರಿಕೆ ಆಗತ್ತೆ, ಗೊತ್ತಾ ನಿಂಗೆ? ಭಾನುವಾರ ಕೂಗದಿದ್ರೆ ನೋಡು, ಕಾಲು ಮುರೀತೀನಿ. ಪ್ಲಾಸ್ಟರೂ ನಾನೇ ಹಾಕ್ತೀನಿ."

ಹೆದರಿಕೆ! ಗೋಡೆಗೆ! ಆ ರಾತ್ರಿ ಹುಡುಗಿಗೆ ನಗು ತಡೆಯಲಾಗದೆ ದಿಂಬು ಕಚ್ಚಬೇಕಾಯಿತು.

ಭಾನುವಾರ ಮೊದಲ ಕಾರ್ನರ್ ಕಿಕ್ಕಿಗೇ ಚೆಂಡು ಅದೇ ಎತ್ತರದಿಂದ ಇಳಿಯಿತು. "ನಂದು!" ಅತ್ತಿಗೆ ತಗ್ಗಿದರು. ಎದುರಾಳಿಗಳಲ್ಲಿಯೂ ಇಬ್ಬರು ತಗ್ಗಿದರು. ರೆಫರಿ ಸಹ ಅರ್ಧ ಬಗ್ಗಿ, ಆಮೇಲೆ ಬೂಟಿನ ದಾರ ಕಟ್ಟುವವರಂತೆ ನಟಿಸಿದರು. ಚೆಂಡು ಹುಡುಗಿಯ ಎದೆಯ ಮೇಲಿತ್ತು.

ಅನಂತರ ಒಡೆದ ಕೆರೆಗೆ ಕಟ್ಟೆಯಿರಲಿಲ್ಲ.

"ಹಿಂದೆ! ಇನ್ನೂ ಹಿಂದೆ! ಅತ್ತಿಗೆ, ಆ ಜಡೆಯವಳನ್ನ ನೋಡ್ಕೊಳ್ಳಿ!"

"ನೋಡ್ತಾ ಇದ್ದೀನಲ್ಲ ತಾಯೀ!"

"ಇಲ್ಲ! ಮೋಡ ನೋಡ್ತಿದ್ದೀರಿ!"

"ಬಾ ಮನೆಗೆ, ತೋರಿಸ್ತೀನಿ ಮೋಡ!"

ತಾತ ಬೇಲಿಯ ಮೇಲೆ ಹತ್ತಿ ಕುಳಿತು ತೊಡೆ ತಟ್ಟುತ್ತಿದ್ದರು. ಮೇಡಂ ನಗಲಿಲ್ಲ. ಅವರು ಕಾಯುತ್ತಿದ್ದುದು ಬೇರೆಯದಕ್ಕೆ.

ಪಂದ್ಯ ಮುಗಿಯಲು ಸ್ವಲ್ಪವೇ ಉಳಿದಿತ್ತು. ಇವರದು ಒಂದು ಗೋಲು ಮುಂದೆ. ಆಗ ಜಡೆಯವಳು ಎಲ್ಲರನ್ನೂ ದಾಟಿ ಬಂದಳು. ಮಧ್ಯದಲ್ಲಿ ಉಳಿದವರು ಅತ್ತಿಗೆಯೊಬ್ಬರೇ. ಅತ್ತಿಗೆಯ ಭುಜ ಎಡಕ್ಕೆ ವಾಲುತ್ತಿತ್ತು. ಹದಿನೈದು ವರ್ಷದ ಅನುಭವ ಅವರಿಗೆ ಎಡ ಎನ್ನುತ್ತಿತ್ತು. ಆದರೆ ಬಲಗಡೆಯಿಂದ ಎದುರಾಳಿ ತಂಡದ ಇನ್ನೊಬ್ಬಳು ಓಡಿ ಬರುತ್ತಿದ್ದಳು. ಅದು ಕಂಡದ್ದು ಹುಡುಗಿಗೆ ಮಾತ್ರ. ಹೇಳಿ ತಪ್ಪಾದರೆ ಗೋಲು ಹೋಗುತ್ತದೆ, ಜಾಗ ಹೋಗುತ್ತದೆ, ಅತ್ತಿಗೆಯನ್ನು ಕುಣಿಸಿ ಸೋಲಿಸಿದವಳೆಂಬ ಹೆಸರು ಉಳಿಯುತ್ತದೆ.

"ಬಲ ಮುಚ್ಚಿ! ಎಡ ನಂಗೆ ಬಿಡಿ!"

ಅತ್ತಿಗೆ ತಿರುಗಿ ನೋಡಲಿಲ್ಲ. ಪ್ರಶ್ನೆಯಿಲ್ಲದೆ ಬಲಕ್ಕೆ ಹಾರಿದರು. ಜೊತೆಯವಳಿಗೆ ಚೆಂಡು ಕೊಡುವ ದಾರಿ ಮುಚ್ಚಿತು. ಜಡೆಯವಳು ಬೇರೆ ಗತಿಯಿಲ್ಲದೆ ಎಡಕ್ಕೆ ಒದ್ದಳು. ಅಲ್ಲಿ ಹುಡುಗಿ ಆಗಲೇ ಗಾಳಿಯಲ್ಲಿದ್ದಳು. ಬೆರಳ ತುದಿಗೆ ತಾಗಿದ ಚೆಂಡು ಕಂಬದ ಆಚೆ ಹೋಯಿತು.

ಅತ್ತಿಗೆ ಅವಳನ್ನು ಎತ್ತಿ ಗಿರಗಿರನೆ ಸುತ್ತಿದರು. ಸುತ್ತು ಹೆಚ್ಚಾಗಿ ಇಬ್ಬರೂ ಬಲೆಯೊಳಗೆ ಬಿದ್ದರು.

ಪಂದ್ಯ ಮುಗಿದ ಮೇಲೆ ಮೇಡಂ ಬಂದರು. "ಮಂಗಳವಾರದಿಂದ ನಮ್ಮ ಜೊತೆ ಅಭ್ಯಾಸ. ಬರ್ತೀಯಾ?"

ಹುಡುಗಿ ಬಾಯಿ ತೆರೆದಳು. ಸದ್ದು ಬರಲಿಲ್ಲ. ಮತ್ತೊಮ್ಮೆ ತೆರೆದಳು, ಸೈಕಲ್ ಟೈರಿನಿಂದ ಗಾಳಿ ಹೋದ ಹಾಗೆ ಒಂದು ಸುಯ್ ಮಾತ್ರ ಬಂತು. ಕಡೆಗೆ ಎರಡೂ ಕೈಗವಸುಗಳಿಂದ ಎದೆ ಬಡಿದುಕೊಂಡು ಕತ್ತು ಬೀಳುವಂತೆ ತಲೆ ಆಡಿಸಿದಳು.

"ಅಬ್ಬಾ, ಸದ್ದು ನಿಲ್ತು!" ಎಂದು ಹಿರಿಯ ಆಟಗಾರ್ತಿಯರು ಚಪ್ಪಾಳೆ ತಟ್ಟಿದರು.

"ಖುಷಿ ಪಡಬೇಡ್ರೇ, ನಾಳೆ ಬೆಳಿಗ್ಗೆ ವಾಪಸ್ ಬರತ್ತೆ," ಎಂದರು ಅತ್ತಿಗೆ, ಮೊಣಕಾಲಿನ ಕೆಸರು ಕೆರೆಯುತ್ತ. "ನಿಮಗೇನು, ವಾರಕ್ಕೆ ಮೂರು ದಿನ. ನಾನು ಅದೇ ಮನೇಲಿ ಇರೋದು!"

ಹುಡುಗಿ ಹುಲ್ಲಿನ ಮೇಲೆ ಅಂಗಾತ ಬಿದ್ದು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.